ಟೇಬಲ್ ಕೊಳ್ಳುವ ಮುಂಚೆ ಅಳತೆ ಟೇಪು ಹಿಡಿಯಿರಿ

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ತೆರಿಗೆ ಸಲಹಾ ಕಚೇರಿ ಇದೆ. ಮೊದಲ ಮಹಡಿಯಲ್ಲಿ 900 ಚದರಡಿಯ ಒಂದೇ ಹಾಲ್. 14 ಜನ ಸಿಬ್ಬಂದಿ, ಅವರಲ್ಲಿ 9 ಮಂದಿ ಹೆಣ್ಣುಮಕ್ಕಳು. ದಿನವಿಡೀ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ, ಜಿಎಸ್‌ಟಿ, ಐಟಿ ರಿಟರ್ನ್ಸ್. ಈಚೆಗೆ ಮೂವರಿಗೆ ಕುತ್ತಿಗೆ ನೋವು, ಒಬ್ಬರಿಗೆ ರಾತ್ರಿ ಹೊತ್ತು ಬಲಗೈ ಬೆರಳು ಜೋಮು ಹಿಡಿಯುತ್ತದೆ. ಮಧ್ಯಾಹ್ನ ಮೂರರ ಮೇಲೆ ಎಲ್ಲರಿಗೂ ತಲೆಭಾರ, ತೂಕಡಿಕೆ. ಎಸಿ ವಿಚಾರಕ್ಕೆ ದಿನಾ ಜಟಾಪಟಿ. 58 ವರ್ಷದ ನಮ್ಮ ಹಿರಿಯ ಅಕೌಂಟೆಂಟ್ ಗದ್ದ ಮೇಲೆತ್ತಿಕೊಂಡೇ ಸ್ಕ್ರೀನ್ ನೋಡುತ್ತಾರೆ. ಶೌಚಾಲಯ ಕೆಳಗಿನ ಅಂಗಡಿಗಳವರ ಜೊತೆ ಸೇರಿ ಒಂದೇ ಇರುವುದು ಸ್ವಲ್ಪ ಅನನುಕೂಲ. ಎರಡು ಲಕ್ಷ ರೂಪಾಯಿ ತೆಗೆದಿಟ್ಟಿದ್ದೇನೆ. ಏರಿಸಿ ಇಳಿಸುವ ಟೇಬಲ್‌ಗಳನ್ನೂ ಒಂದು ‘ವೆಲ್‌ನೆಸ್ ಪ್ಯಾಕೇಜ್’ ಅನ್ನೂ ಮಾರಾಟದವರೊಬ್ಬರು ತೋರಿಸಿ ಹೋಗಿದ್ದಾರೆ. ಕೊಳ್ಳಬಹುದೇ ಮೇಡಂ? ಮಾಡಿದ್ದು ಫಲ ಕೊಟ್ಟಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಟೇಬಲ್ ವಿಚಾರಕ್ಕೆ ಆಮೇಲೆ ಬರೋಣ. ಬೆರಳು ಜೋಮು ಹಿಡಿಯುತ್ತಿರುವವರನ್ನು ಈ ವಾರವೇ ವೈದ್ಯರ ಬಳಿ ಕಳಿಸಿ, ಅದಕ್ಕೆ ಸಂಬಳ ಹಿಡಿಯಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಒಂದು ಮಗ್ಗುಲು ಜೋಮು ಹಿಡಿದು, ರಾತ್ರಿ ಎದ್ದು ಕೈ ಕೊಡವಿದರೆ ಕೊಂಚ ಹಗುರವಾಗುತ್ತದೆ ಅನ್ನುವುದಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ವೈದ್ಯರು ಇದನ್ನು ಕಾರ್ಪಲ್ ಟನಲ್ ತೊಂದರೆ ಎನ್ನುತ್ತಾರೆ. ಜೋಮು ಕಿರುಬೆರಳ ಕಡೆಗಿದ್ದರೆ ಮೊಣಕೈಯನ್ನು ಪರೀಕ್ಷಿಸಬೇಕು, ಟೇಬಲ್ಲಿನ ಅಂಚಿಗೆ ಮೊಣಕೈ ಊರಿ ಕೂರುವವರಲ್ಲಿ ಅಲ್ಲಿ ನರ ನಲುಗುತ್ತದೆ. ಕುತ್ತಿಗೆಯಿಂದಲೂ ಬರಬಹುದು. ಎಲ್ಲವನ್ನೂ ಕೀಬೋರ್ಡಿನ ತಲೆಗೆ ಕಟ್ಟಬೇಡಿ: ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು ಇವುಗಳಲ್ಲೂ ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ, ಹಾಗಾಗಿ ರಕ್ತ ಪರೀಕ್ಷೆಯೂ ಬೇಕಾದೀತು. ಬೇಗ ಗೊತ್ತಾದರೆ ರಾತ್ರಿ ಮಣಿಕಟ್ಟು ಬಾಗದಂತೆ ಹಿಡಿಯುವ ಪಟ್ಟಿ (ಸ್ಪ್ಲಿಂಟ್) ಕಟ್ಟಿ ಮಲಗುವುದರಿಂದಲೇ ಎಷ್ಟೋ ಜನಕ್ಕೆ ಆರಾಮಾಗುತ್ತದೆ. ತಡಮಾಡಿದರೆ ಹೆಬ್ಬೆರಳ ಬುಡದ ಸ್ನಾಯು ಸೊರಗುತ್ತದೆ. ಸೊರಗಿದ್ದು ಮೊದಲಿನಂತಾಗುವುದು ಕಷ್ಟ.

ಇನ್ನು, ನೀವು ‘ಸ್ವಲ್ಪ ಅನನುಕೂಲ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಸಂಗತಿಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಒಂಬತ್ತು ಹೆಣ್ಣುಮಕ್ಕಳು, ಅಂಗಡಿಗಳವರ ಜೊತೆ ಹಂಚಿಕೊಂಡ ಒಂದು ಶೌಚಾಲಯ. ಇಂಥ ಕಡೆ ನಡೆಯುವುದು ನನಗೆ ಚೆನ್ನಾಗಿ ಗೊತ್ತಿದೆ: ಬೆಳಗ್ಗೆ ಮನೆಯಲ್ಲಿ ಅರ್ಧ ಲೋಟ ನೀರು, ಕಚೇರಿಯಲ್ಲಿ ಒಂದೆರಡು ಗುಟುಕು, ಸಂಜೆ ಮನೆಗೆ ಹೋಗುವ ತನಕ ತಡೆದುಕೊಳ್ಳುವುದು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಹೀಗಿದ್ದರೆ ಉರಿಮೂತ್ರ, ಮತ್ತೆ ಮತ್ತೆ ಸೋಂಕು, ಕಿಡ್ನಿ ಕಲ್ಲು ಎಲ್ಲದಕ್ಕೂ ದಾರಿ. ಮೂರು ಗಂಟೆಯ ತಲೆನೋವಿನಲ್ಲೂ ಇದರ ಪಾಲಿರಬಹುದು, ಮೈಯಲ್ಲಿ ನೀರು ಕಡಿಮೆಯಾದರೆ ಮೊದಲು ಭಾರವಾಗುವುದು ತಲೆಯೇ. ಯಾರೂ ನಿಮ್ಮ ಬಳಿ ಬಂದು ಇದನ್ನು ಹೇಳುವುದಿಲ್ಲ. ಮಾಲೀಕರ ಮುಂದೆ, ಅದರಲ್ಲೂ ಗಂಡಸಿನ ಮುಂದೆ, ಹೇಳುವ ಮಾತಲ್ಲ ಎಂದು ನುಂಗಿಕೊಳ್ಳುತ್ತಾರೆ.

ಆದ್ದರಿಂದ ನಿಮ್ಮ ಎರಡು ಲಕ್ಷದಲ್ಲಿ ಮೊದಲ ದುಡ್ಡು ಇಲ್ಲಿಗೆ ಹೋಗಲಿ. ಕಟ್ಟಡದ ಮಾಲೀಕರೊಡನೆ ಮಾತಾಡಿ, ಮಹಡಿಯಲ್ಲೇ ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಕಟ್ಟಿಸಲು ಸಾಧ್ಯವೇ ನೋಡಿ. ಬಾಡಿಗೆಯಲ್ಲಿ ಹೊಂದಿಸಿಕೊಳ್ಳುವ ಒಪ್ಪಂದಕ್ಕೆ ಎಷ್ಟೋ ಮಾಲೀಕರು ಒಪ್ಪುತ್ತಾರೆ. ಅದು ಆಗುವ ತನಕ ಈಗಿರುವುದನ್ನೇ ಸರಿಪಡಿಸಿ: ಒಳಗಿನಿಂದ ಗಟ್ಟಿಯಾಗಿ ಬೀಳುವ ಚಿಲಕ, ಒಳ್ಳೆಯ ದೀಪ, ಸದಾ ನೀರು, ಸೋಪು, ಚೀಲ ತೂಗುಹಾಕಲು ಕೊಕ್ಕೆ, ಮುಚ್ಚಳವಿರುವ ಕಸದ ಬುಟ್ಟಿ, ದಿನಕ್ಕೆ ಎರಡು ಸಲ ತೊಳೆಯುವ ವ್ಯವಸ್ಥೆ. ಬೀಗದ ಕೈ ವಾಚ್‌ಮನ್ ಹತ್ತಿರ ಇರುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ಕೀಲಿ ಕೇಳಿ ಇಸಿದುಕೊಂಡು ಹೋಗುವುದಕ್ಕಿಂತ ಹೋಗದೇ ಇರುವುದೇ ವಾಸಿ ಎಂದು ಅವರಿಗೆ ಅನ್ನಿಸುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರು ಆಲಿಸಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನೂ ಈ ತಿಂಗಳೇ ರಚಿಸಿ. ಹೇಳಿಕೊಳ್ಳಲು ಒಂದು ಜಾಗ ಇದೆ ಎಂಬ ಧೈರ್ಯವೂ ಆರೋಗ್ಯದ ವಿಷಯವೇ.

ಈಗ ಕುತ್ತಿಗೆ ನೋವಿಗೆ ಬರೋಣ. ನಮ್ಮ ಮಾರುಕಟ್ಟೆಯಲ್ಲಿ ಸಿಗುವ ಕಚೇರಿ ಟೇಬಲ್‌ಗಳು ಹೆಚ್ಚುಕಡಿಮೆ ಎಲ್ಲವೂ ನೆಲದಿಂದ 75 ಸೆಂಟಿಮೀಟರ್ ಎತ್ತರ, ಅಂದರೆ ಎರಡೂವರೆ ಅಡಿ. ಸರಿಯಾದ ಎತ್ತರ ಯಾವುದು ಎಂದರೆ, ಪಾದ ನೆಲಕ್ಕೆ ತಾಗುವಂತೆ ಕೂತು ಭುಜ ಸಡಿಲ ಬಿಟ್ಟಾಗ ಮೊಣಕೈ ಎಲ್ಲಿ ಬರುತ್ತದೋ ಅಲ್ಲಿ ಕೀಬೋರ್ಡ್ ಇರಬೇಕು. ಐದಡಿ ಎತ್ತರದ ಹೆಣ್ಣುಮಗಳು ಹಾಗೆ ಕೂತರೆ ಅವಳ ಮೊಣಕೈ ನೆಲದಿಂದ 60ರಿಂದ 63 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಐದೂವರೆ ಅಡಿಯ ಗಂಡಸಿನದು 65ರ ಆಸುಪಾಸು. ಅಂದರೆ ನಿಮ್ಮ ಟೇಬಲ್ ನಿಮ್ಮ ಕಚೇರಿಯ ಬಹುಪಾಲು ಜನರಿಗೆ ಗೇಣಿನ ಅರ್ಧಕ್ಕಿಂತ ಹೆಚ್ಚು ಎತ್ತರವಿದೆ. ಆ ಅಂತರವನ್ನು ಅವರು ಭುಜ ಎತ್ತಿ ತುಂಬಿಸುತ್ತಿದ್ದಾರೆ. ಎಂಟು ಗಂಟೆ ಭುಜ ಎತ್ತಿಕೊಂಡೇ ಇದ್ದರೆ ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಸ್ನಾಯು ಬಿಗಿದು ಕಲ್ಲಾಗುತ್ತದೆ. ಮೂವರ ಕುತ್ತಿಗೆ ನೋವಿಗೆ ನನ್ನ ಮೊದಲ ಅನುಮಾನ ಇದರ ಮೇಲೇ.

ದರ್ಜಿ ಅಳತೆ ತೆಗೆದ ಹಾಗೆ, ಒಂದು ಮಧ್ಯಾಹ್ನ ಟೇಪು ಹಿಡಿದು ಹದಿನಾಲ್ಕೂ ಜನರ ಮೂರು ಅಳತೆ ಬರೆದುಕೊಳ್ಳಿ: ನೆಲದಿಂದ ಮಂಡಿಯ ಹಿಂಭಾಗಕ್ಕೆ, ನೆಲದಿಂದ ಮೊಣಕೈಗೆ, ನೆಲದಿಂದ ಕಣ್ಣಿಗೆ. ಎಲ್ಲವನ್ನೂ ಕೂತು, ಕಚೇರಿಯಲ್ಲಿ ಹಾಕುವ ಚಪ್ಪಲಿಯಲ್ಲೇ. ಹೆಣ್ಣುಮಕ್ಕಳ ಅಳತೆಯನ್ನು ಅವರವರೇ ತೆಗೆದುಕೊಳ್ಳಲಿ. ಈ ಹಾಳೆ ಕೈಗೆ ಬಂದ ಮೇಲೆ ಏನು ಕೊಳ್ಳಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮರದ ಕಾಲಿನ ಟೇಬಲ್ ಆದರೆ ಬಡಗಿಯನ್ನು ಕರೆಸಿ ಐದು ಸೆಂಟಿಮೀಟರ್ ಕೊಯ್ಯಿಸಬಹುದು. ಅದು ಆಗದಿದ್ದರೆ ಕುರ್ಚಿ ಏರಿಸಿ. ಏರಿಸಿದ ಕೂಡಲೇ ಪಾದ ಗಾಳಿಯಲ್ಲಿ ತೂಗುತ್ತದೆ, ತೊಡೆಯ ಅಡಿ ಒತ್ತಿ ಕಾಲು ಊದುತ್ತದೆ. ಹಾಗಾಗಿ ಕುರ್ಚಿ ಎಷ್ಟು ಏರಿತೋ ಅಷ್ಟೇ ಎತ್ತರದ ಕಾಲ್ಮಣೆ ಬೇಕು. ಅಂಗಡಿಯಿಂದ ತರಬೇಕಿಲ್ಲ, ಅದೇ ಬಡಗಿ ಎರಡೂ ಪಾದ ಆರಾಮಾಗಿ ಸರಿದಾಡುವಷ್ಟು ಅಗಲದ, ಹಿಮ್ಮಡಿಯ ಕಡೆಗೆ ಸ್ವಲ್ಪ ಇಳಿಜಾರಿನ ಮಣೆಗಳನ್ನು ಮಾಡಿಕೊಡುತ್ತಾನೆ. ಕೆಳಗೆ ರಬ್ಬರ್ ಅಂಟಿಸಿದರೆ ಜಾರುವುದಿಲ್ಲ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವವರಿದ್ದರೆ ಅವರಿಗೆ ಮಾತ್ರ ಹೊಸ ಕುರ್ಚಿ ಕೊಳ್ಳಿ. ಎತ್ತರ ಬದಲಾಗಬೇಕು, ಸೊಂಟದ ಕಮಾನಿಗೆ ಆಸರೆ ಇರಬೇಕು, ಆಸನ ಆಳವಾಗಿರಬಾರದು. ಬೆನ್ನು ಒರಗಿಸಿ ಕೂತಾಗ ಆಸನದ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ತೂರಬೇಕು. ಗಿಡ್ಡಗಿರುವವರಿಗೆ ದೊಡ್ಡ ‘ಬಾಸ್ ಕುರ್ಚಿ’ ಕೊಟ್ಟರೆ ಅವರು ಬೆನ್ನು ಒರಗಿಸದೆ ತುದಿಯಲ್ಲೇ ಕೂರುತ್ತಾರೆ. ಕುರ್ಚಿಯ ಕೈಗಳು ಟೇಬಲ್ಲಿಗೆ ತಾಗಿ ಮುಂದೆ ಬರಲು ಬಿಡದಿದ್ದರೆ ಆ ಕೈಗಳನ್ನು ಬಿಚ್ಚಿಹಾಕಿ. ಸೊಂಟದ ಬೆಲ್ಟುಗಳನ್ನು ಎಲ್ಲರಿಗೂ ಹಂಚುವ ಯೋಚನೆ ಆ ಪ್ಯಾಕೇಜಿನಲ್ಲಿ ಇದ್ದರೆ ಬೇಡ ಅನ್ನಿ. ದೀರ್ಘಕಾಲದ ಸೊಂಟ ನೋವಿಗೆ ಅಂಥ ಬೆಲ್ಟುಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದು ಒತ್ತು ಕೊಟ್ಟಿರುವುದು ವ್ಯಾಯಾಮಕ್ಕೆ, ತಿಳಿವಳಿಕೆಗೆ.

ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ದೂರ ಒಂದು ತೋಳಿನಷ್ಟು. ಲ್ಯಾಪ್‌ಟಾಪ್ ಬಳಸುವವರಿಗೆ ಇದು ಸಾಧ್ಯವೇ ಇಲ್ಲ, ಏಕೆಂದರೆ ಕೀಲಿಮಣೆ ಕೈಗೆ ಸರಿಯಾದರೆ ಪರದೆ ತಗ್ಗು, ಪರದೆ ಸರಿಯಾದರೆ ಕೈ ಎತ್ತರ. ಬೇರೆ ಕೀಬೋರ್ಡು, ಮೌಸು ಕೊಡಿಸಿ. ಲ್ಯಾಪ್‌ಟಾಪ್ ಕೆಳಗೆ ಎ4 ಹಾಳೆಯ ಬಂಡಲ್ ಇಡಿ. 500 ಹಾಳೆಯ ಒಂದು ಬಂಡಲ್ ಸುಮಾರು ಐದು ಸೆಂಟಿಮೀಟರ್ ದಪ್ಪ, ನಿಮ್ಮ ಕಚೇರಿಯಲ್ಲಿ ಅದಕ್ಕೇನೂ ಬರವಿರದು. ನಿಮ್ಮ ಹಿರಿಯ ಅಕೌಂಟೆಂಟರದು ಬೇರೆಯೇ ಕಥೆ. ಅವರು ಗದ್ದ ಎತ್ತುತ್ತಿರುವುದು ಕನ್ನಡಕದಿಂದ: ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಗಾಜಿನಲ್ಲಿ ಹತ್ತಿರದ್ದನ್ನು ತೋರಿಸುವ ಭಾಗ ಕೆಳಗಿರುತ್ತದೆ, ಪರದೆ ಎದುರಿಗಿರುತ್ತದೆ. ಅವರೊಬ್ಬರ ಪರದೆಯನ್ನು ಎಲ್ಲರದಕ್ಕಿಂತ ಕೆಳಗಿಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ. ಅದಕ್ಕಿಂತ ಒಳ್ಳೆಯದು, ಪರದೆಯ ದೂರಕ್ಕೆಂದೇ ಒಂದು ಪ್ರತ್ಯೇಕ ಕನ್ನಡಕ ಮಾಡಿಸಿಕೊಡುವುದು. ನಿಮ್ಮ ದುಡ್ಡಿನಲ್ಲಿ ಇದಕ್ಕಿಂತ ಸಾರ್ಥಕ ಖರ್ಚು ಕಡಿಮೆ.

ಟ್ಯಾಲಿ ಎಂಟ್ರಿಗೆ ಅಂಟಿಕೊಂಡ ಎರಡು ತೊಂದರೆಗಳನ್ನು ಹೇಳಲೇಬೇಕು, ಸಾಮಾನ್ಯ ಸಲಹೆಗಳಲ್ಲಿ ಇವು ಬರುವುದಿಲ್ಲ. ಒಂದು, ಬಿಲ್ಲುಗಳು ಟೇಬಲ್ ಮೇಲೆ ಎಡಕ್ಕೆ ಚಪ್ಪಟೆಯಾಗಿ ಬಿದ್ದಿರುತ್ತವೆ, ಪರದೆ ಎದುರಿಗೆ. ಪ್ರತಿ ಸಾಲಿಗೂ ಕತ್ತು ಬಗ್ಗಿ, ತಿರುಗಿ, ಮತ್ತೆ ಎದ್ದು ಬರಬೇಕು. ದಿನಕ್ಕೆ ನೂರಾರು ವೋಚರ್ ಹಾಕುವವರ ಕುತ್ತಿಗೆ ಇದರಿಂದಲೇ ದಣಿಯುತ್ತದೆ. ಬಿಲ್ಲುಗಳನ್ನು ಪರದೆಯ ಪಕ್ಕಕ್ಕೇ, ಓರೆಯಾಗಿ ನಿಲ್ಲಿಸಬೇಕು. ಮನೆಯಲ್ಲಿ ಪುರಾಣ ಓದಲು ಬಳಸುವ ವ್ಯಾಸಪೀಠ ಇದಕ್ಕೆ ಹೇಳಿ ಮಾಡಿಸಿದಂತಿದೆ, ಒಂದಷ್ಟು ತಂದು ನೋಡಿ. ಎರಡು, ಕೀಬೋರ್ಡಿನ ಬಲತುದಿಯ ನಂಬರ್ ಪ್ಯಾಡು. ಅದರಿಂದಾಗಿ ಮೌಸು ಇನ್ನೂ ಬಲಕ್ಕೆ ಸರಿದು, ತೋಳು ಮೈಯಿಂದ ದೂರ ಚಾಚಿಕೊಂಡೇ ಇರುತ್ತದೆ, ಬಲಭುಜ ನೋಯುತ್ತದೆ. ಮೌಸನ್ನು ಎಡಗೈಗೆ ಕಲಿಸಿಕೊಳ್ಳಬಹುದು. ಮೊದಮೊದಲು ತೊಡಕೆನಿಸಿದರೂ ರೂಢಿಯಾಗುತ್ತದೆ. ಒಲ್ಲದವರಿಗೆ ನಂಬರ್ ಪ್ಯಾಡ್ ಇಲ್ಲದ ಚಿಕ್ಕ ಕೀಬೋರ್ಡ್, ಜೊತೆಗೆ ಬೇಕಾದಲ್ಲಿ ಇಟ್ಟುಕೊಳ್ಳುವ ಬಿಡಿ ನಂಬರ್ ಪ್ಯಾಡ್ ಕೊಡಿ. ಜೋಮು ಹಿಡಿಯುತ್ತಿರುವವರಿಗೆ ಇದು ಮೊದಲು ಸಿಗಲಿ.

ಮೂರು ಗಂಟೆಯ ತೂಕಡಿಕೆ. ಊಟದ ಮೇಲೆ ಸ್ವಲ್ಪ ಮಂಪರು ಸಹಜ, ಆದರೆ ಹದಿನಾಲ್ಕೂ ಜನಕ್ಕೆ ಒಟ್ಟಿಗೆ ತಲೆಭಾರ ಎಂದರೆ ನಾನು ಗಾಳಿಯನ್ನು ಅನುಮಾನಿಸುತ್ತೇನೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಅಲ್ಲೇ ಬಿಡುತ್ತದೆ. ಲೆಕ್ಕ ಹಾಕಿ ನೋಡಿ, ಲೆಕ್ಕ ನಿಮ್ಮ ಕಸುಬೇ. ಹತ್ತಡಿ ಎತ್ತರದ 900 ಚದರಡಿ ಹಾಲಿನಲ್ಲಿ ಸುಮಾರು 255 ಘನ ಮೀಟರ್ ಗಾಳಿ ಇದೆ. ಕೂತು ಕೆಲಸ ಮಾಡುವ ಒಬ್ಬರು ಗಂಟೆಗೆ 18ರಿಂದ 20 ಲೀಟರ್ ಇಂಗಾಲದ ಡೈಆಕ್ಸೈಡ್ ಉಸಿರು ಬಿಡುತ್ತಾರೆ. ಹದಿನಾಲ್ಕು ಜನ ಸೇರಿದರೆ 260 ಲೀಟರ್. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಗಂಟೆಗೆ ಸುಮಾರು 1000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಎಂಬ ಅಳತೆ) ಏರಿಕೆ. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಒಳಗೆ 1000 ದಾಟಿದರೆ ಗಾಳಿಯಾಟ ಸಾಲದು ಎಂಬುದಕ್ಕೆ ಸೂಚನೆ ಎಂದು ಸಾಮಾನ್ಯವಾಗಿ ಗಣಿಸುತ್ತಾರೆ. ಬಾಗಿಲ ಸಂದಿ, ಕಿಟಕಿ ಸಂದಿಗಳಲ್ಲಿ ಒಂದಷ್ಟು ಸೋರಿ ಹೋಗುವುದರಿಂದ ಲೆಕ್ಕದಷ್ಟು ಏರದಿದ್ದರೂ, ಮಧ್ಯಾಹ್ನದ ಹೊತ್ತಿಗೆ 2000 ಮೀರಿದ್ದರೆ ನನಗೆ ಆಶ್ಚರ್ಯವಿಲ್ಲ. ಗಾಳಿ ಹೀಗೆ ನಿಂತಾಗ ಒಬ್ಬರ ನೆಗಡಿ, ಜ್ವರ ಹದಿನಾಲ್ಕು ಜನಕ್ಕೂ ಹರಡುವುದು ಸುಲಭ.

ಉಪಾಯ ಸರಳ. ಹಾಲಿನ ಒಂದು ಕೊನೆಯಲ್ಲಿ ಎಕ್ಸಾಸ್ಟ್ ಫ್ಯಾನ್, ಎದುರು ಕೊನೆಯಲ್ಲಿ ಕಿಟಕಿಯನ್ನು ಒಂದು ಅಂಗೈಯಷ್ಟು ತೆರೆದಿಡುವುದು. ತಲಾ ಸೆಕೆಂಡಿಗೆ ಹತ್ತು ಲೀಟರ್ ಹೊಸ ಗಾಳಿ ಎಂದು ಹಿಡಿದರೆ ನಿಮಗೆ ಗಂಟೆಗೆ 500 ಘನ ಮೀಟರ್ ಬೇಕು, ಫ್ಯಾನ್ ಎಷ್ಟು ಗಾಳಿ ಎಳೆಯುತ್ತದೆಂದು ಅದರ ವಿವರದಲ್ಲಿ ಬರೆದಿರುತ್ತದೆ, ನೋಡಿ ತನ್ನಿ. ಕರೆಂಟ್ ಬಿಲ್ ತುಸು ಏರುತ್ತದೆ, ಏರಲಿ. ಇಂಗಾಲದ ಡೈಆಕ್ಸೈಡ್ ತೋರಿಸುವ ಪುಟ್ಟ ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಅದನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಾಕಿದರೆ ಕಿಟಕಿ ತೆರೆಯಬೇಕೋ ಬೇಡವೋ ಎಂಬ ವಾದ ನಿಲ್ಲುತ್ತದೆ. ಎಸಿಯ ಜಗಳಕ್ಕೆ: 18ಕ್ಕೆ ಇಳಿಸುವುದನ್ನು ಬಿಡಿ. 2020ರಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕು. ಅದನ್ನು 26ಕ್ಕಿಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಿಸಿದರೆ ಹೆಚ್ಚಿನವರಿಗೆ ಹಿತವಾಗಿರುತ್ತದೆ. ಜಗಳ ಬಹಳ ಸಲ ಡಿಗ್ರಿಯದಲ್ಲ, ಗಾಳಿ ನೇರವಾಗಿ ಯಾರ ನೆತ್ತಿಗೆ ಹೊಡೆಯುತ್ತದೆ ಎಂಬುದರದ್ದು. ಎಸಿ ಬಾಯಿಗೆ ಗಾಳಿ ತಿರುಗಿಸುವ ಹಲಗೆ ಹಾಕಿಸಿ, ಕೂರುವ ಜಾಗ ಅದಲುಬದಲು ಮಾಡಿ. ಕಣ್ಣುರಿಗೂ ಆ ಗಾಳಿಯೇ ಒಂದು ಕಾರಣ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ, ಅದರ ಮೇಲೆ ಒಣಗಾಳಿ.

ಗಿಡದ ಕುಂಡಗಳು ಗಾಳಿ ಶುದ್ಧ ಮಾಡುತ್ತವೆ ಎಂದು ಮಾರಾಟದವರು ಹೇಳಿರುತ್ತಾರೆ. ಆ ಮಾತು ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ, ಅದು ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. ನಿಜವಾದ ಕೋಣೆಯಲ್ಲಿ ತೆರೆದ ಕಿಟಕಿಯ ಕೆಲಸಕ್ಕೆ ಸಮನಾಗಲು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕಾದೀತೆಂದು 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು ಲೆಕ್ಕ ಕೊಟ್ಟರು. ಕಣ್ಣಿಗೆ ತಂಪು ಎಂದು ಬೇಕಾದರೆ ಎರಡು ಕುಂಡ ಇಡಿ, ನನಗೂ ಇಷ್ಟವೇ.

ಬೆಳಕಿನದು ಬೇಗ ಮುಗಿಯುತ್ತದೆ: ಕಿಟಕಿ ಕಂಪ್ಯೂಟರ್ ಪರದೆಯ ಹಿಂದೆಯೂ ಬೇಡ, ಕೂತವರ ಬೆನ್ನ ಹಿಂದೆಯೂ ಬೇಡ, ಪಕ್ಕಕ್ಕಿರಲಿ. ಓದು ಬರಹದ ಕೆಲಸಕ್ಕೆ 300ರಿಂದ 500 ಲಕ್ಸ್ ಬೆಳಕು ಬೇಕು, ಮೊಬೈಲ್ ಆ್ಯಪಿನಲ್ಲಿ ಅಂದಾಜು ಸಿಗುತ್ತದೆ.

ಈಗ ನೀವು ಕೇಳಿದ ಏರಿಸಿ ಇಳಿಸುವ ಟೇಬಲ್. ಕೂತೇ ಇರುವುದು ಕೆಡುಕು ಎಂಬುದು ಹಳೆಯ ತಿಳಿವು. 1953ರಲ್ಲಿ ಬ್ರಿಟಿಷ್ ವೈದ್ಯ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ, ದಿನವಿಡೀ ಕೂರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಎಂದು ತೋರಿಸಿದ್ದರು. ಗಮನಿಸಿ, ಕಂಡಕ್ಟರು ನಿಂತೇ ಇದ್ದವರಲ್ಲ, ಓಡಾಡುತ್ತಿದ್ದವರು. ಏರಿಸಿದ ಟೇಬಲ್ ಮುಂದೆ ಅಲುಗಾಡದೆ ನಿಂತರೆ ಕಾಲು, ಸೊಂಟ ನೋಯುತ್ತವೆ, ಕಾಲಿನ ರಕ್ತನಾಳ ಉಬ್ಬುವ ತೊಂದರೆ ಇದ್ದವರಿಗೆ ಇನ್ನೂ ಕಷ್ಟ. ಅಂಥ ಟೇಬಲ್‌ಗಳಿಂದ ಕೂರುವ ಹೊತ್ತು ದಿನಕ್ಕೆ ಒಂದೂವರೆ ಗಂಟೆಯ ಆಸುಪಾಸು ಇಳಿಯುತ್ತದೆ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ ಹೇಳಿತು, ಪುರಾವೆ ಗಟ್ಟಿಯಿಲ್ಲ ಎಂದೂ ಹೇಳಿತು. ನಿಮ್ಮ ಬಜೆಟ್ಟಿನಲ್ಲಿ ಹದಿನಾಲ್ಕು ಟೇಬಲ್ ಕೊಂಡರೆ ಶೌಚಾಲಯಕ್ಕೂ ಗಾಳಿಗೂ ಏನೂ ಉಳಿಯದು. ಬೇಡ.

ಬದಲಿಗೆ ಕೆಲಸವನ್ನೇ ಒಡೆಯಿರಿ. ಬಿಲ್ ವಿಂಗಡಿಸುವುದು, ಪಂಚ್ ಮಾಡುವುದು, ಫೈಲ್ ಕಟ್ಟುವುದು, ಫೋನಿನಲ್ಲಿ ಕಕ್ಷಿದಾರರೊಡನೆ ಮಾತಾಡುವುದು, ಇವು ಯಾವುವೂ ಕೂತೇ ಆಗಬೇಕಿಲ್ಲ. ಕಿಟಕಿಯ ಪಕ್ಕ ನೆಲದಿಂದ ಒಂದು ಮೀಟರ್ ಎತ್ತರದ ಕಟ್ಟೆಯೋ ಹಲಗೆಯೋ ಹಾಕಿಸಿ, ಆ ಕೆಲಸಗಳನ್ನೆಲ್ಲ ಅಲ್ಲಿಗೆ ಕಳಿಸಿ. ಪ್ರಿಂಟರ್, ನೀರಿನ ಕ್ಯಾನು ಹಾಲಿನ ಆ ತುದಿಗೆ ಹೋಗಲಿ. ಚಹಾ ಟೇಬಲ್ಲಿಗೆ ಬರುವುದನ್ನು ನಿಲ್ಲಿಸಿ, ಜನ ಎದ್ದು ಹೋಗಿ ಕುಡಿದು ಬರಲಿ. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಎದ್ದರೂ ಸಾಕು. ಏಳುವಾಗ ಬೀದಿಯ ಆಚೆಯ ಯಾವುದಾದರೂ ಬೋರ್ಡಿನ ಮೇಲೆ ಇಪ್ಪತ್ತು ಸೆಕೆಂಡ್ ಕಣ್ಣು ನೆಡಲಿ. ಇಲ್ಲಿ ನಿಮ್ಮದೊಂದು ಪಾತ್ರವಿದೆ. ಯಾರಾದರೂ ಎದ್ದಾಗ ನೀವು ಗಡಿಯಾರ ನೋಡಿದರೆ ಮರುದಿನದಿಂದ ಯಾರೂ ಏಳುವುದಿಲ್ಲ. ನೀವೇ ಮೊದಲು ಎದ್ದು ಆ ಕಟ್ಟೆಗೆ ಹೋಗಿ ನಿಲ್ಲಿ.

ಪ್ಯಾಕೇಜನ್ನು ನಾನಾದರೆ ಕೊಳ್ಳುವುದಿಲ್ಲ. ಯೋಗ ಶಿಬಿರ, ಧ್ಯಾನದ ಆ್ಯಪು ಕೆಟ್ಟವೆಂದಲ್ಲ. ಆದರೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳು, ಜುಲೈ ಕೊನೆಗೆ ಐಟಿ ರಿಟರ್ನ್ಸ್ ಎಂದು ರಾತ್ರಿ ಹತ್ತರ ತನಕ ಕೂರಿಸಿಕೊಳ್ಳುವ ಕಚೇರಿಯಲ್ಲಿ ಅವು ಏನು ತಾನೇ ಮಾಡಬಲ್ಲವು? ವಾರಕ್ಕೆ 55 ಗಂಟೆ ಮತ್ತು ಅದಕ್ಕೂ ಮೀರಿ ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿವೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿಯುವುದರೊಳಗೆ ಒಂದು ಗಂಟೆ ಬಿಡುವು. ಕಕ್ಷಿದಾರರು ಬಿಲ್ಲುಗಳನ್ನು 18ನೇ ತಾರೀಖಿಗೆ ಚೀಲದಲ್ಲಿ ತಂದು ಸುರಿಯುವುದೇ ಈ ಒತ್ತಡದ ಬೇರು. ಮುಂದಿನ ತಿಂಗಳಿಂದ 5ನೇ ತಾರೀಖಿನ ಗಡುವು ಹಾಕಿ, ತಡವಾಗಿ ತಂದವರಿಗೆ ಹೆಚ್ಚು ಶುಲ್ಕ ವಿಧಿಸಿ. ಒಂದಿಬ್ಬರು ಮುನಿಸಿಕೊಂಡಾರು, ಉಳಿದವರು ಹೊಂದಿಕೊಳ್ಳುತ್ತಾರೆ. ನಿದ್ದೆ ಕೆಟ್ಟು, ಮನಸ್ಸು ಕುಗ್ಗಿ ಒದ್ದಾಡುವವರು ಯಾರಾದರೂ ಇದ್ದರೆ 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ನೋಟಿಸ್ ಬೋರ್ಡಿಗೆ ಹಾಕಿ.

ಫಲ ಕಂಡಿತೋ ಇಲ್ಲವೋ ತಿಳಿಯಲು ದುಬಾರಿ ಪರೀಕ್ಷೆ ಬೇಡ. ಮನುಷ್ಯನ ಮೈಯ ಮುಂದು ಹಿಂದಿನ ಚಿತ್ರ ಇರುವ ಹಾಳೆಯನ್ನು ಎಲ್ಲರಿಗೂ ಕೊಡಿ. ಕಳೆದ ಏಳು ದಿನದಲ್ಲಿ ಎಲ್ಲಿ ನೋವಿತ್ತೋ ಅಲ್ಲಿ ಗುರುತು ಹಾಕಿ, ಹೆಸರು ಬರೆಯದೆ ಡಬ್ಬಿಗೆ ಹಾಕಲಿ. ಮೈಕೈ ನೋವು ಅರಿಯಲು 1987ರಿಂದ ಬಳಕೆಯಲ್ಲಿರುವ ನಾರ್ಡಿಕ್ ಪ್ರಶ್ನಾವಳಿ ಹೆಚ್ಚುಕಡಿಮೆ ಇದೇ ಬಗೆಯದು. ಕೆಳಗೆ ಮೂರು ಪ್ರಶ್ನೆ ಸೇರಿಸಿ: ಇವತ್ತು ಕಚೇರಿಯಲ್ಲಿ ಎಷ್ಟು ನೀರು ಕುಡಿದಿರಿ, ಮಧ್ಯಾಹ್ನ ತಲೆನೋವು ಬಂತೇ, ಎಷ್ಟು ಗಂಟೆಗೆ ಮನೆಗೆ ಹೊರಟಿರಿ. ಬಡಗಿಯನ್ನು ಕರೆಯುವ ಮುಂಚೆ ಒಮ್ಮೆ, ಎಲ್ಲ ಮುಗಿದ ಎರಡು ತಿಂಗಳ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡು ಸಲವೂ 20ನೇ ತಾರೀಖಿನ ಹಿಂದಿನ ವಾರವೇ ಆಗಿರಲಿ. ಬಿಡುವಿನ ವಾರದಲ್ಲಿ ಕೇಳಿದರೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ.